ಸಹಸ್ರನಾಮದ ಗಿಟಾರು

ನಮ್ಮ ಮನೆಯಲ್ಲಿ ಎಲ್ಲವೂ ಮಾಮೂಲಾಗಿದ್ದ ಕೊನೆಯ ದಿನ ಒಂದು ಭಾನುವಾರ. ಅವತ್ತು ಹಾಲು ಉಕ್ಕಿತು. ಆ ದಿನದಲ್ಲಿ ಬೇರೆ ಏನಾದರೂ ವಿಶೇಷ ಇತ್ತೇ ಎಂದು ಆಮೇಲೆ ಎಷ್ಟೋ ಸಲ ಹುಡುಕಿ ನೋಡಿದ್ದೇನೆ. ಇರಲಿಲ್ಲ. ಹಾಲು ಉಕ್ಕಿದ್ದಕ್ಕೂ ಕಾರಣ ನಾನೇ. ಒಲೆಯ ಮುಂದೆ ಇರಬೇಕಾದವಳು ನಡುಮನೆಯ ಬಾಗಿಲಲ್ಲಿ ನಿಂತು ಪಿಟೀಲಿನ ಜೊತೆ ಜಗಳವಾಡುತ್ತಿದ್ದೆ. ಪಿಟೀಲು ನಮ್ಮ ಯಜಮಾನರದು. ಯಜಮಾನರು ಜಗಳಕ್ಕೆ ಸಿಗುವ ಮನುಷ್ಯರಲ್ಲ. ಆದ್ದರಿಂದ ನಮ್ಮ ಸಂಸಾರದಲ್ಲಿ ನನ್ನ ಜಗಳವೆಲ್ಲ ಅವರ ಸಾಮಾನಿನ ಜೊತೆಗೇ ನಡೆದದ್ದು.

ಇವರು ಹೋಗಿ ಈಗ ಹತ್ತು ತಿಂಗಳಾಯಿತು. ಇದ್ದಿದ್ದರೆ ಹಾಲು ಉಕ್ಕಿದ್ದರ ಜೊತೆ ಪಿಟೀಲಿನ ಹೆಸರು ಸೇರಿಸಲೂ ಬಿಡುತ್ತಿರಲಿಲ್ಲ.

ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇವರಿಗೆ ಲೇತ್ ಮೇಲೆ ಕೆಲಸ. ಬಡಾವಣೆ ಆಗ ಹೊಸದು. ಬ್ಲಾಕುಗಳಿಗೆ ನಂಬರು ಬಂದಿತ್ತು, ಮನೆಗಳು ಒಂದೊಂದಾಗಿ ಬರುತ್ತಿದ್ದವು. ನಮ್ಮ ಸಾಲಿನಲ್ಲಿ ಆರು ಮನೆ, ಎದುರಿಗೆ ಬಯಲು. ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಪಿಟೀಲು ಹಿಡಿದರೆ ಇವರನ್ನು ಊಟಕ್ಕೆ ಮೂರು ಸಲ ಕೂಗಬೇಕಾಗುತ್ತಿತ್ತು. ನುಡಿಸುವಾಗ ಜೊತೆಯಲ್ಲೇ ಗುನುಗುವ ಅಭ್ಯಾಸ ಬೇರೆ. ಪಿಟೀಲು ನೇರವಾಗಿ ದಾರಿಯಲ್ಲಿ ಹೋದರೆ ಇವರ ಗುನುಗು ಪಕ್ಕದ ಚರಂಡಿಯಲ್ಲಿ ಹೋಗುತ್ತಿತ್ತು. ತಾವು ಗುನುಗುತ್ತೇವೆ ಎಂಬುದೇ ಇವರಿಗೆ ಗೊತ್ತಿರಲಿಲ್ಲ. ಹೇಳಿದರೆ ನಂಬುತ್ತಿರಲಿಲ್ಲ.

ಆ ಭಾನುವಾರ ನಾನು ಹೇಳಿದ ಮಾತು ಇದು: "ಒಂದು ದಿನ ಆದ್ರೂ ಅದನ್ನ ಕೆಳಗಿಡಬಾರದಾ? ಮನೇಲಿ ಸ್ವಲ್ಪ ಸದ್ದಿಲ್ಲದೆ ಇರೋಣ."

"ಇಡ್ತೀನಿ ಕಣೇ. ಈ ಚರಣ ಒಂದು ಮುಗೀಲಿ" ಎಂದರು. ಅಷ್ಟರಲ್ಲಿ ಹಾಲು ಉಕ್ಕಿತು. ಇಬ್ಬರೂ ಅಡುಗೆಮನೆಗೆ ಓಡಿದೆವು. ಚರಣ ಅಲ್ಲಿಗೇ ನಿಂತಿತು.

ಮಾರನೆಯ ದಿನ ಬೆಳಿಗ್ಗೆ ಇವರ ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಯಂತ್ರಕ್ಕೆ ಸಿಕ್ಕಿಕೊಂಡು ಹೋದವು. ನಾನು ದೇವರಲ್ಲಿ ಏನೇನೋ ಬೇಡಿಕೊಂಡಿದ್ದೇನೆ. ಇಷ್ಟು ಬೇಗ ನಡೆಸಿಕೊಟ್ಟದ್ದು ಇದೊಂದನ್ನೇ.

ಗಾಯ ಮಾಗಿದ ಮೇಲೆ ಕಾರ್ಖಾನೆಯವರು ಇವರನ್ನು ಉಗ್ರಾಣಕ್ಕೆ ಹಾಕಿದರು. ಪಿಟೀಲು ಅಟ್ಟಕ್ಕೆ ಹೋಯಿತು. ಸಂಜೆ ಬಂದು ಕೈಕಾಲು ತೊಳೆದು ಇವರು ಬೀದಿ ನೋಡುತ್ತಾ ಜಗಲಿಯ ಮೇಲೆ ಕೂರುತ್ತಿದ್ದರು. ಊಟಕ್ಕೆ ಒಂದು ಸಲ ಕೂಗಿದರೆ ಸಾಕು, ಬಂದುಬಿಡುತ್ತಿದ್ದರು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಇರಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಮಲ್ಲೇಶ್ವರದಲ್ಲಿ ನಮ್ಮ ಕಡೆಯವರ ಒಂದು ಮದುವೆ. ಆರತಕ್ಷತೆಗೆ ದಂಡು ಪ್ರದೇಶದಿಂದ ವಾದ್ಯಗೋಷ್ಠಿ ಕರೆಸಿದ್ದರು. ಅದರಲ್ಲಿ ಒಬ್ಬ ಮನುಷ್ಯ ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಬಲಗೈಯಿಂದ ಮೀಟುತ್ತಾ, ಎಡಗೈಯಲ್ಲಿ ಒಂದು ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಿದ್ದ. ಗಿಟಾರಿನಿಂದ ಒಂದು ವೈರು ಹೊರಟು ಪೆಟ್ಟಿಗೆಗೆ ಹೋಗಿತ್ತು. ಸದ್ದು ಬರುತ್ತಿದ್ದದ್ದು ಪೆಟ್ಟಿಗೆಯಿಂದ. ಇವರು ಊಟಕ್ಕೆ ಏಳಲಿಲ್ಲ. ಮೂರು ಸಲ ಕೂಗಿದೆ. ನಾಲ್ಕನೆಯ ಸಲ ಸಂತೋಷದಿಂದ ಕೂಗಿದೆ.

ಮನೆಗೆ ಬರುವ ದಾರಿಯಲ್ಲಿ ಇವರು ಹೇಳಿದರು: "ಎಡಗೈಗೆ ಮೂರೇ ಬೆರಳು ಸಾಕು ಕಣೇ ಅದಕ್ಕೆ. ಆ ಪುಣ್ಯಾತ್ಮ ಐದು ಇಟ್ಕೊಂಡು ಎರಡನ್ನ ಸುಮ್ನೆ ದಂಡ ಮಾಡ್ತಿದ್ದ."

ಅಂಥದೊಂದನ್ನು ಕೊಳ್ಳುವ ಮಾತು ನಮ್ಮಲ್ಲಿ ಬರಲೇ ಇಲ್ಲ. ಇವರು ಒಂದು ಸೌಟನ್ನೂ ಕೊಂಡವರಲ್ಲ, ತಾವೇ ಮಾಡಿದವರು. ಬಚ್ಚಲ ಪಕ್ಕದಲ್ಲಿ ತಗಡು ಹೊದಿಸಿದ ಒಂದು ಮಾಡು ಇತ್ತು. ನಾನು ಅದನ್ನು ಸೌದೆಮನೆ ಎನ್ನುತ್ತಿದ್ದೆ, ಇವರು ವರ್ಕ್‌ಶಾಪು ಎನ್ನುತ್ತಿದ್ದರು. ಅಲ್ಲಿ ಎಡಕ್ಕೆ ಸೌದೆ, ಬಲಕ್ಕೆ ಗರಗಸ, ಅರ, ಕೈಬೈರಿಗೆ, ನಡುವೆ ಸ್ನಾನದ ಹಂಡೆಯ ಹೊಗೆ. ವಿದ್ಯುತ್ ಗಿಟಾರಿನ ನಿರ್ಮಾಣ ಕಾರ್ಯವು ಅಲ್ಲಿ ಯಥಾವಿಧಿಯಾಗಿ ಆರಂಭವಾಯಿತು. ಆ ಕಾರ್ಯಕ್ಕೆ ನನ್ನ ಸಂಪೂರ್ಣ ಸಹಕಾರವನ್ನು ಘೋಷಿಸಿದೆ. ಅಲ್ಲಿಂದಲೇ ಕಷ್ಟ ಶುರುವಾದದ್ದು.

ಮೊದಲು ಮರ ಬೇಕಾಗಿತ್ತು. ಒಣಗಿದ, ಡೊಂಕಾಗದ ಹಲಗೆ ಬೇಕೆಂದರು. ನಾನು ಒಂದು ಕ್ಷಣವೂ ಯೋಚಿಸದೆ ಅಡುಗೆಮನೆಯ ಗೋಡೆಗಿದ್ದ ಹಲಸಿನ ಹಲಗೆ ತೋರಿಸಿದೆ. ಹಿಂದಿನ ಮನೆಯಲ್ಲೂ ಇಲ್ಲೂ ಸೇರಿ ಎಂಟು ವರ್ಷ ಉಪ್ಪಿನಕಾಯಿ ಜಾಡಿಗಳನ್ನು ಹೊತ್ತಿದೆ, ಕೂದಲೆಳೆಯಷ್ಟೂ ಬಾಗಿಲ್ಲ, ಇದಕ್ಕಿಂತ ಪರೀಕ್ಷೆ ಬೇಕೇ ಎಂದು ವಾದಿಸಿದೆ. ಇವರಿಗೂ ಸರಿ ಎನ್ನಿಸಿತು. ಕತ್ತರಿಸಿ, ತೊಡೆಯ ಮೇಲೆ ಕೂರುವ ಹಾಗೆ ಅಂಚು ಸವರಿ, ಉಜ್ಜಿ, ಪಾಲಿಶ್ ಹಚ್ಚಿದರು. ಪಾಲಿಶ್ ನಿಲ್ಲಲಿಲ್ಲ. ಎಂಟು ವರ್ಷದ ಎಣ್ಣೆ ಮರದ ಹೊಟ್ಟೆಯೊಳಗೆ ಸೇರಿಕೊಂಡಿತ್ತು. ಬಿಸಿಲಿಗಿಟ್ಟರೆ ಒಣಗುವ ಬದಲು ಬೆವರಿತು. ಇರುವೆಗಳು ಸಾಲಾಗಿ ಬಂದು ನೋಡಿಕೊಂಡು ಹೋದವು. ಆ ಗಿಟಾರಿಗೆ ಕೊನೆಯವರೆಗೂ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ. ನುಡಿಸಲು ತೊಡೆಯ ಮೇಲಿಟ್ಟುಕೊಂಡ ತಕ್ಷಣ ಇವರು, "ರುಕ್ಕು, ಇವತ್ತು ಮೊಸರನ್ನ ಮಾಡೇ" ಎನ್ನುತ್ತಿದ್ದರು.

ತಂತಿ ಬಿಗಿಯುವ ಬಿರಟೆಗಳನ್ನು ಇವರೇ ಅರದಲ್ಲಿ ಉಜ್ಜಿ ಮಾಡಿದರು. ಜಾರಿಸುವ ತುಂಡಿಗೆ ಯಾವುದೋ ಯಂತ್ರದ ಮುರಿದ ಕಂಬಿ ಸಿಕ್ಕಿತು. ಉಳಿದದ್ದು ಸುರುಳಿ. ಆ ವಿಷಯದಲ್ಲಿ ನನಗೆ ಅರ್ಥವಾದದ್ದು ಇಷ್ಟು: ತಂತಿಗಳ ಕೆಳಗೆ ಒಂದು ಅಯಸ್ಕಾಂತ ಇರಬೇಕು, ಅದರ ಸುತ್ತ ತಾಮ್ರದ ಎಳೆಯನ್ನು ಐದು ಸಾವಿರ ಸುತ್ತು ಸುತ್ತಬೇಕು. ಮೇಲೆ ತಂತಿ ಅದುರಿದರೆ ಸುರುಳಿಗೆ ಅದು ತಿಳಿಯುತ್ತದೆ, ಸುರುಳಿ ಹೋಗಿ ರೇಡಿಯೋಗೆ ಹೇಳುತ್ತದೆ, ರೇಡಿಯೋ ಊರಿಗೆಲ್ಲ ಸಾರುತ್ತದೆ. ನಮ್ಮ ಸಾಲಿನಲ್ಲಿ ಸುದ್ದಿ ಹರಡುವ ಕ್ರಮವೂ ಇದೇ ಆದ್ದರಿಂದ ನನಗೆ ಬೇಗ ತಿಳಿಯಿತು.

ಅಯಸ್ಕಾಂತ ಹಳೆಯ ಸೈಕಲ್ ಡೈನಮೋದಿಂದ ಬಂತು. ತಾಮ್ರದ ಎಳೆಯನ್ನು ಇವರು ಗುಜರಿಯಿಂದ ತಂದರು. ಅದು ಕೂದಲಿಗಿಂತ ತೆಳು, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಇವರ ಎಡಗೈಗೆ ಅಂಥ ಎಳೆಯ ಸ್ಪರ್ಶ ಸಿಗದು. ಆಗ ನನಗೊಂದು ಉಪಾಯ ಹೊಳೆಯಿತು. ನಾನು ಬೀದಿಯವರ ರವಿಕೆ ಹೊಲಿಯುತ್ತಿದ್ದ ಕೈ ಮಿಷನ್ನು ಇತ್ತಲ್ಲ, ಅದರಲ್ಲಿ ದಾರದ ಉಂಡೆ ಸುತ್ತುವ ಜಾಗಕ್ಕೆ ಸುರುಳಿಯ ಅಚ್ಚನ್ನು ಸಿಕ್ಕಿಸಿದರೆ? ಇವರು ಸಿಕ್ಕಿಸಿದರು. ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿದರು. ಹಿಡಿಯನ್ನು ಒಂದು ಸಲ ತಿರುಗಿಸಿದರೆ ಅಚ್ಚು ಐದು ಸುತ್ತು ತಿರುಗುತ್ತಿತ್ತು. ಅಂದರೆ ಸಾವಿರ ಸಲ ಹಿಡಿ ತಿರುಗಿಸಬೇಕು.

"ಸಾವಿರದವರೆಗೂ ತಪ್ಪದೆ ಎಣಿಸ್ತೀಯೇನೇ?" ಎಂದರು.

ನಾನು ನಕ್ಕುಬಿಟ್ಟೆ. ನನ್ನ ಶಾಲೆ ಮಿಡ್ಲ್ ಸ್ಕೂಲಿಗೇ ಮುಗಿದರೂ, ನಮ್ಮಜ್ಜಿ ಒಂಬತ್ತನೇ ವಯಸ್ಸಿಗೆ ದೇವರ ಸಹಸ್ರನಾಮವನ್ನು ನನಗೆ ಬಾಯಿಪಾಠ ಮಾಡಿಸಿದ್ದರು. ಸಾವಿರ ಹೆಸರು, ಪ್ರತಿ ಹೆಸರಿಗೂ ಕೊನೆಯಲ್ಲಿ ಒಂದು ನಮಃ. ಒಂದು ನಮಃಕ್ಕೆ ಹಿಡಿಯ ಒಂದು ಸುತ್ತು. ಸಹಸ್ರನಾಮ ಮುಗಿದರೆ ಸುರುಳಿಯೂ ಮುಗಿಯಿತು. ಲೆಕ್ಕಕ್ಕೆ ಲೆಕ್ಕ, ಪುಣ್ಯಕ್ಕೆ ಪುಣ್ಯ. ನನ್ನ ಬುದ್ಧಿಗೆ ನಾನೇ ಬೆರಗಾಗಿ ಆ ದಿನ ಎರಡು ಲೋಟ ಕಾಫಿ ಕುಡಿದೆ.

ಮೊದಲನೆಯ ದಿನ ಐನೂರರ ಹತ್ತಿರ ಬಂದಿದ್ದೆ. ಹಾಲಿನವಳು ಬಾಗಿಲಲ್ಲಿ ಕೂಗಿದಳು. ಕೈ ನಿಲ್ಲಿಸದೆ, ದೇವರ ಹೆಸರಿನ ರಾಗದಲ್ಲೇ, "ಅರ್ಧ ಸೇರು ಸಾಕು" ಎಂದೆ. ಹಿಡಿ ಒಂದು ಸುತ್ತು ತಿರುಗಿತು. ದೇವರಿಗೆ ಸಾವಿರದ ಒಂದನೆಯ ಹೆಸರು ಬಂತು. ಅದಾದ ಮೇಲೆ ಯಾವ ಹೆಸರು ಎಂಬುದು ಮರೆತುಹೋಯಿತು. ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಬೇಕಾಯಿತು.

ಎರಡನೆಯ ದಿನ ಎಚ್ಚರಿಕೆ ವಹಿಸಿದೆ. ಎಲ್ಲ ಕೆಲಸ ಮುಗಿಸಿ ಸಂಜೆ ನಾಲ್ಕಕ್ಕೆ ಕುಳಿತೆ. ಅವತ್ತು ಎಣ್ಣೆಸ್ನಾನ ಮಾಡಿದ್ದರಿಂದ ಕೂದಲು ಬಿಟ್ಟುಕೊಂಡಿದ್ದೆ. ಎಳೆ ಕಾಣಲೆಂದು ಪಕ್ಕದಲ್ಲಿ ಹಿತ್ತಾಳೆ ದೀಪ ಹಚ್ಚಿಟ್ಟಿದ್ದೆ. ಕಣ್ಣು ಅರ್ಧ ಮುಚ್ಚಿ, ಒಂದೇ ಸಮನೆ ನಾಮ ಹೇಳುತ್ತಿದ್ದೆ. ಇದನ್ನು ಬಾಗಿಲಿನಿಂದ ನೋಡಿದವರಿಗೆ ಏನೆನ್ನಿಸಬಹುದು ಎಂದು ನಾನು ಯೋಚಿಸಲಿಲ್ಲ.

ನೋಡಿದವರು ಪುಟ್ಟಲಕ್ಷ್ಮಮ್ಮ. ಪಕ್ಕದ ಮನೆಯವರು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಮೊದಲಿನಿಂದ ಕುರುಬರಹಳ್ಳಿಯ ಕಡೆ ಜಮೀನಿದ್ದ ಮನೆತನ. ಜಮೀನು ಬಡಾವಣೆಗೆ ಹೋದ ಮೇಲೆ ಅವರ ಮನೆಗೆ ಒಂದು ರೇಡಿಯೋ ಬಂದಿತ್ತು. ನಮ್ಮ ಸಾಲಿಗೆ ಅದೊಂದೇ ರೇಡಿಯೋ. ಅವರು ಹೇಳಿದ್ದು ಸಾಲಿಗೆಲ್ಲ ತೀರ್ಮಾನ. ರವಿಕೆಯ ಅಳತೆ ಕೊಡಲು ಬಂದವರು ಹೊಸಿಲಲ್ಲೇ ಕೈ ಮುಗಿದು ನಿಂತರು. ಸಾವಿರ ಮುಗಿಯುವವರೆಗೂ ನಿಂತೇ ಇದ್ದರು. ಅವರನ್ನು ನೋಡಿದ ಗಾಬರಿಯಲ್ಲಿ ಎಳೆ ಏಳುನೂರರಲ್ಲೇ ಹರಿದಿತ್ತು. ಅಷ್ಟು ಭಕ್ತಿಯಿಂದ ನಿಂತವರ ಮುಂದೆ ನಾಮ ನಿಲ್ಲಿಸುವುದು ಹೇಗೆ? ಉಳಿದ ಮುನ್ನೂರು ನಾಮಕ್ಕೆ ಖಾಲಿ ಹಿಡಿ ತಿರುಗಿಸಿದೆ.

"ಯಾವ ವ್ರತ ಹಿಡ್ದಿದೀರಿ ರುಕ್ಮಿಣಮ್ಮ?" ಎಂದು ಕೇಳಿದರು.

ಆಗ ಹೇಳಿಬಿಟ್ಟಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ದೇವರ ನಾಮದಲ್ಲಿ ತಾಮ್ರದ ಎಳೆ ಎಣಿಸುತ್ತಿದ್ದೇನೆ ಎಂದು ಹೇಳಲು ನಾಲಗೆ ಏಳಲಿಲ್ಲ. "ಇವರ ಕೈಗೋಸ್ಕರ ಅಕ್ಕಾ" ಎಂದೆ. ಅದು ಸುಳ್ಳಲ್ಲ. ನಿಜ ಎನ್ನುವುದಕ್ಕೂ ಸ್ವಲ್ಪ ಕಡಿಮೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೊಲಿಗೆ ಮಿಷನ್ನನ್ನು ಯಾಕೆ ತಿರುಗಿಸುತ್ತಿದ್ದೀರಿ ಎಂದು ಕೇಳುತ್ತಾರೆಂದು ಹೆದರಿದ್ದೆ. ಕೇಳಲಿಲ್ಲ. ಅನ್ನ ಕೊಡುವ ಯಂತ್ರವನ್ನೇ ದೇವರೆಂದು ಕೂರಿಸಿಕೊಂಡಿದ್ದೀರಿ, ಎಂಥ ಮನಸ್ಸು ನಿಮ್ಮದು ಎಂದು ತಾವೇ ಉತ್ತರ ಹೇಳಿಕೊಂಡು, ಮಿಷನ್ನಿಗೂ ನಮಸ್ಕಾರ ಮಾಡಿ ಹೋದರು.

ಮೂರನೆಯ ದಿನ ನಾಲ್ಕು ಗಂಟೆಗೆ ಅವರು ಕನಕಾಂಬರದ ಮಾಲೆ ತಂದು ಮಿಷನ್ನಿಗೆ ಹಾಕಿದರು. ಜೊತೆಯಲ್ಲಿ ಇನ್ನಿಬ್ಬರು ಬಂದಿದ್ದರು. ಇನ್ನೂರರ ಹೊತ್ತಿಗೆ ಮಾಲೆ ಹಿಡಿಗೆ ಸುತ್ತಿಕೊಂಡು ಎಳೆ ಹರಿಯಿತು. ಎಂಟುನೂರು ಸಲ ಖಾಲಿ ತಿರುಗಿಸಿದೆ. ನಾಲ್ಕನೆಯ ದಿನ ಐದು ಜನ. ಸುಮ್ಮನೆ ಕೇಳುತ್ತಾ ಕೂರುವುದು ಪುಟ್ಟಲಕ್ಷ್ಮಮ್ಮನವರ ಜಾಯಮಾನಕ್ಕೆ ಒಗ್ಗದು.

"ನಿಮ್ಮ ಹಾಗೆ ಹೆಸರೆಲ್ಲ ನಮ್ಮ ಬಾಯಿಗೆ ಬರಾಕಿಲ್ಲ ಕಣಮ್ಮ. ನಮಃ ಅನ್ನೋದೊಂದು ನಾವೆಲ್ಲ ಸೇರಿ ಹೇಳ್ತೀವಿ" ಎಂದರು.

ಹೇಳಿದರು. ನಾನು ಹೆಸರು ಹೇಳುವುದು, ಐದು ಗಂಟಲು ಒಟ್ಟಿಗೆ ನಮಃ ಎನ್ನುವುದು, ನಾನು ಹಿಡಿ ತಿರುಗಿಸುವುದು. ಮೊದಲ ಇನ್ನೂರು ಗಂಭೀರವಾಗಿ ನಡೆಯಿತು. ಆಮೇಲೆ ಯಾರಿಗೋ ಒಲೆಯ ಮೇಲಿನ ಬೇಳೆ ನೆನಪಾಯಿತು. ನಮಃದ ವೇಗ ಹೆಚ್ಚಿತು. ನನ್ನ ಹೆಸರು ಮುಗಿಯುವ ಮೊದಲೇ ಅವರ ನಮಃ ಬಂದು ಬಾಗಿಲಲ್ಲಿ ನಿಲ್ಲತೊಡಗಿತು. ಕೈಮಿಷನ್ನು ರೈಲಿನ ಹಾಗೆ ಓಡಿತು. ನಾನೂರಕ್ಕೆ ಎಳೆ ಹರಿಯಿತು.

ಹೀಗೆ ವ್ರತವು ದಿನದಿನಕ್ಕೂ ಅಭಿವೃದ್ಧಿ ಹೊಂದಿತು, ಸುರುಳಿ ಮಾತ್ರ ಇದ್ದಲ್ಲೇ ಇತ್ತು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಪುರಿ, ಹುರಿಗಡಲೆ, ಬೆಲ್ಲ ಹಂಚಿದೆ. ಸಂಕ್ರಾಂತಿಗೆಂದು ಇಟ್ಟಿದ್ದ ಬೆಲ್ಲದ ಡಬ್ಬದ ತಳ ಕಂಡಿತು. ಏಳನೆಯ ದಿನ ಇವರು ಕಾರ್ಖಾನೆಯಿಂದ ಬಂದಾಗ ನಡುಮನೆಯಲ್ಲಿ ಹಿಂದಿನ ಬೀದಿಯವರೂ ಸೇರಿ ಹನ್ನೆರಡು ಜನ ಹೆಂಗಸರು. ಕಾಲಿಡಲು ಜಾಗವಿಲ್ಲದೆ ಸೈಕಲ್ ಹಿಡಿದುಕೊಂಡು ಬೀದಿಯಲ್ಲೇ ನಿಂತಿದ್ದರು. ಎಲ್ಲರೂ ಹೋದ ಮೇಲೆ ಒಳಗೆ ಬಂದು ಮೆಲ್ಲಗೆ ಕೇಳಿದರು: "ಆಯ್ತೇನೇ?"

"ಪುಣ್ಯ ಆಗಿದೆ. ಸುರುಳಿ ಆಗಿಲ್ಲ."

ಇವರು ಮಿಷನ್ನಿನ ಮೇಲಿದ್ದ ಹೂವು, ಅರಿಶಿನ, ಕುಂಕುಮ ಎಲ್ಲವನ್ನೂ ನೋಡಿದರು. ಪುಟ್ಟಲಕ್ಷ್ಮಮ್ಮನಿಗೆ ನಿಜ ಹೇಳಿಬಿಡು, ಅವರೇನೂ ತಿನ್ನುವುದಿಲ್ಲ ಎಂದರು. ನಾಳೆ ಹೇಳುತ್ತೇನೆ ಎಂದೆ. ಆ ನಾಳೆಯ ದಿನ ಪುಟ್ಟಲಕ್ಷ್ಮಮ್ಮ ತಮ್ಮ ಮಂಡಿನೋವನ್ನೂ ಇದೇ ವ್ರತಕ್ಕೆ ಸೇರಿಸಿದ್ದೇನೆ, ಆಗಲೇ ಅರ್ಧ ಕಡಿಮೆಯಾಗಿದೆ ಎಂದರು. ಅವರ ಮಂಡಿನೋವನ್ನು ಮತ್ತೆ ತರಿಸುವಷ್ಟು ಕಠಿಣ ಹೃದಯ ನನ್ನದಲ್ಲ.

ನಾನು ಬೇರೆ ದಾರಿ ಹಿಡಿದೆ. ಎಳೆಯನ್ನು ಬಿಗಿಯಾಗಿ ಹಿಡಿದೇ ಸುತ್ತಬೇಕು, ಸಡಿಲವಾದರೆ ಸುರುಳಿ ಒಳಗೊಳಗೇ ಅಲುಗುತ್ತದೆ ಎಂದು ಇವರು ಮೊದಲ ದಿನವೇ ಹೇಳಿದ್ದರು. ಆದರೆ ಬಿಗಿ ಹಿಡಿದರೆ ತಾನೇ ಹರಿಯುವುದು? ಹನ್ನೊಂದನೆಯ ದಿನ ಎಳೆಯನ್ನು ಹೂವಿನ ದಾರದ ಹಾಗೆ ಸಡಿಲವಾಗಿ ಬಿಟ್ಟೆ. ನಮಃ ಎಷ್ಟು ಜೋರಾಗಿ ಓಡಿದರೂ ಹರಿಯಲಿಲ್ಲ. ಸಾವಿರ ಮುಗಿಯಿತು. ಐದು ಸಾವಿರ ಸುತ್ತು, ಒಂದೂ ತಪ್ಪಿಲ್ಲ. ಕಣ್ಣಲ್ಲಿ ನೀರು ಬಂತು. ಹೆಂಗಸರೆಲ್ಲ ನನ್ನ ಭಕ್ತಿಯನ್ನು ಕಂಡು ತಾವೂ ಅತ್ತರು.

ಇನ್ನು ರೇಡಿಯೋ. ಗಿಟಾರಿನ ವೈರನ್ನು ಸಿಕ್ಕಿಸಲು ರೇಡಿಯೋದ ಬೆನ್ನಿನಲ್ಲಿ ಗ್ರಾಮಫೋನಿಗೆಂದು ಎರಡು ತೂತು ಇರುತ್ತವಂತೆ. ಇದ್ದದ್ದೊಂದೇ ರೇಡಿಯೋ. ಇವರು ಒಂದು ವಾದ್ಯ ಮಾಡಿದ್ದಾರೆ, ನಿಮ್ಮಲ್ಲಿ ನುಡಿಸಿ ನೋಡಬಹುದೇ ಎಂದು ಪುಟ್ಟಲಕ್ಷ್ಮಮ್ಮನನ್ನು ಕೇಳಿದೆ. ಅವರು ಆಗಲೇ ವ್ರತದ ಮಂಗಳವನ್ನು ತಮ್ಮ ಮನೆಯಲ್ಲಿ ನಿಶ್ಚಯಿಸಿಬಿಟ್ಟಿದ್ದರು. ಹದಿನಾರು ಮುತ್ತೈದೆಯರು, ಪಾನಕ, ಕೋಸಂಬರಿ. ಅದೇ ದಿನ ದೇವರ ಮುಂದೆ ನುಡಿಸಲಿ ಎಂದರು. ವಾದ್ಯಕ್ಕೂ ವ್ರತಕ್ಕೂ ಇದ್ದ ಸಂಬಂಧ ಅವರಿಗೆ ತಿಳಿಯದು. ನಾನೂ ಸುಮ್ಮನಿದ್ದೆ.

ಮಂಗಳದ ದಿನ ಹೆಂಗಸರೆಲ್ಲ ಒಳಗೆ ಅಡುಗೆಮನೆ ಹಿತ್ತಲಿನಲ್ಲಿ ಇದ್ದರು. ಪುಟ್ಟಲಕ್ಷ್ಮಮ್ಮನ ಯಜಮಾನರು ಚಿಕ್ಕಣ್ಣನವರು ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ನಡುಮನೆಯಲ್ಲಿ ನಾವಿಬ್ಬರೇ. ಇವರು ರೇಡಿಯೋವನ್ನು ತಿರುಗಿಸಿ, ವೈರಿನ ತುದಿಗಳನ್ನು ತೂತಿಗೆ ಇಟ್ಟು, ಬೀಳದ ಹಾಗೆ ಬೆಂಕಿಕಡ್ಡಿ ಚುಚ್ಚಿ, ಸ್ವಿಚ್ಚು ಹಾಕಿದರು. ಸದ್ದೇನೂ ಬರಲಿಲ್ಲ. ರೇಡಿಯೋದ ವಾಲ್ವು ಬಿಸಿಯಾಗಲು ಹೊತ್ತು ಹಿಡಿಯುತ್ತದೆ ಎಂಬುದು ಇವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಪುಟ್ಟಲಕ್ಷ್ಮಮ್ಮ ಗಿಟಾರಿಗೂ ಅರಿಶಿನ ಕುಂಕುಮ ಏರಿಸಿದ್ದರು. ಅದು ಸುರುಳಿಯ ಮೇಲೆಲ್ಲ ಉದುರಿತ್ತು. ನಾನು ಬಗ್ಗಿ, ಮುಖವನ್ನು ಸುರುಳಿಗೆ ತಾಗುವಷ್ಟು ಹತ್ತಿರ ಇಟ್ಟು, ಸೆರಗಿನ ತುದಿಯಿಂದ ಒರೆಸುತ್ತಾ ಇವರಿಗೆ ನನ್ನ ಸಂಕಟ ಹೇಳಿಕೊಳ್ಳತೊಡಗಿದೆ. ಇಷ್ಟು ದಿನ ಹೇಗೋ ತೂಗಿಸಿದೆ, ಇನ್ನೊಂದು ಗಂಟೆ ಕಳೆದರೆ ಮುಗಿಯಿತು ಎನ್ನುವವರೆಗೂ ನನ್ನ ಮಾತು ನಮ್ಮಿಬ್ಬರ ನಡುವೆಯೇ ಇತ್ತು. ಅಷ್ಟರಲ್ಲಿ ವಾಲ್ವು ಬಿಸಿಯಾಯಿತು. ಮುಂದಿನದನ್ನು ರೇಡಿಯೋ ಹೇಳಿತು.

"ವ್ರತಾನೂ ಇಲ್ಲ ಏನೂ ಇಲ್ಲ, ತಂತಿ ಎಣಿಸ್ತಿದ್ದೆ ಅಂತ ಗೊತ್ತಾದ್ರೆ ಈಯಮ್ಮ ನನ್ನ ಬೀದೀಲಿ ನಿಲ್ಲಿಸ್ತಾರೆ. ಹನ್ನೊಂದು ದಿನ ನನ್ನ ಡಬ್ಬದ ಬೆಲ್ಲ ಎಲ್ಲ ಖಾಲಿ ಮಾಡಿ ಈಗ ನೋಡಿ, ಕೋಸಂಬರಿಗೆ ಉಪ್ಪೇ ಹಾಕಿಲ್ಲ."

ಆ ದನಿ ನನ್ನದು ಎಂದು ನನಗೇ ತಡವಾಗಿ ತಿಳಿಯಿತು. ಬಹಳ ಸ್ಪಷ್ಟವಾಗಿತ್ತು. ಇವರು ಗಾಬರಿಯಿಂದ ತಿರುಪನ್ನು ಹಿಡಿದು ತಿರುಗಿಸಿದರು. ಬೆನ್ನಿನ ಕಡೆಯಿಂದ ಕೈ ಹಾಕಿದ್ದರಿಂದ ಎಡ ಯಾವುದು ಬಲ ಯಾವುದು ತಿಳಿಯದೆ, ಉಪ್ಪಿನ ವಿಷಯ ಬರುವ ಹೊ‌ತ್ತಿಗೆ ಸದ್ದನ್ನು ಪೂರ್ತಿ ಏರಿಸಿದ್ದರು. ಎದುರಿನ ಬಯಲಿಗೂ ಕೇಳಿಸಿರಬೇಕು.

ಮೊದಲು ಮಾತಾಡಿದವರು ಜಗಲಿಯ ಚಿಕ್ಕಣ್ಣನವರು: "ನಾಟಕ ಪಸಂದಾಗದೆ. ಯಾವ ಸ್ಟೇಷನ್ನು ಸ್ವಾಮಿ?"

ಆಮೇಲೆ ಅಡುಗೆಮನೆಯಿಂದ ಪುಟ್ಟಲಕ್ಷ್ಮಮ್ಮನ ದನಿ ಬಂತು: "ಉಪ್ಪು ಹಾಕಿವ್ನಿ."

ಹದಿನಾರು ಜನ ಒಬ್ಬೊಬ್ಬರಾಗಿ ನಡುಮನೆಗೆ ಬಂದರು. ಪುಟ್ಟಲಕ್ಷ್ಮಮ್ಮನ ಕೈಯಲ್ಲಿ ಕೋಸಂಬರಿಯ ಸೌಟು. ನಾನು ಇನ್ನೂ ಬಗ್ಗಿಯೇ ಇದ್ದೆ. ತಲೆ ಎತ್ತಲು ಆಗಲಿಲ್ಲ. ಹೆದರಿಕೆಯಿಂದ ನಾನು ಬಿಡುತ್ತಿದ್ದ ಉಸಿರು ಕೂಡ ರೇಡಿಯೋದಲ್ಲಿ ಬಿರುಗಾಳಿಯ ಹಾಗೆ ಬರುತ್ತಿತ್ತು. ಪುಟ್ಟಲಕ್ಷ್ಮಮ್ಮ ರೇಡಿಯೋ ನೋಡಿದರು, ವೈರು ನೋಡಿದರು, ಸುರುಳಿ ನೋಡಿದರು. ಕೊನೆಗೆ ಇವರ ಎಡಗೈಯನ್ನು ನೋಡಿದರು. ಇವರು ಆ ಕೈಯನ್ನು ಸಾಮಾನ್ಯವಾಗಿ ಪಂಚೆಯ ಮಡಿಕೆಯಲ್ಲಿ ಮರೆಸಿಟ್ಟುಕೊಳ್ಳುತ್ತಿದ್ದರು. ಆಗ ಅದು ಉಕ್ಕಿನ ತುಂಡು ಹಿಡಿದುಕೊಂಡು ಎಲ್ಲರೆದುರಿಗೆ ಗಿಟಾರಿನ ಮೇಲೆ ಇತ್ತು.

"ಅಂದ್ರೆ, ಅಷ್ಟು ದಿವ್ಸ ನಾವೆಲ್ಲ ಗಂಟಲು ಹರ್ಕೊಂಡು ನಮಃ ಅಂದಿದ್ದು ಈ ಸುರುಳಿಗಾ?" ಎಂದರು.

ಹೂಂ ಎಂದೆ. ಅದನ್ನೂ ರೇಡಿಯೋ ಹೇಳಿತು.

"ಹಂಗಾದ್ರೆ ಇದ್ರಲ್ಲಿ ನಮ್ದೂ ಪಾಲೈತೆ. ನೀವು ನುಡ್ಸಿ ಸ್ವಾಮಿ. ಇವಳ ವಿಚಾರ ಆಮೇಲೆ ನೋಡ್ಕೋತೀನಿ." ಅಷ್ಟು ದಿನ ನನಗೆ 'ನೀವು' ಎನ್ನುತ್ತಿದ್ದವರು ಅವತ್ತಿನಿಂದ ಏಕವಚನಕ್ಕೆ ಇಳಿದರು. ಇವತ್ತಿಗೂ ಹತ್ತಿಲ್ಲ.

ಇವರು ನುಡಿಸಿದರು. ಮೊದಲು ಸೊಳ್ಳೆಯ ಹಾಗೆ ಗುಂಯ್ ಎಂದಿತು, ಆಮೇಲೆ ಬೆಕ್ಕಿನ ಬಾಲ ತುಳಿದ ಹಾಗೆ. ತುಂಡು ಎಲ್ಲಿ ನಿಲ್ಲಬೇಕು ಎಂಬುದು ಕೈಗೆ ಸಿಗಲು ಸ್ವಲ್ಪ ಹೊತ್ತಾಯಿತು. ಸಿಕ್ಕಿದ ಮೇಲೆ ಬಂದದ್ದು ಆ ಭಾನುವಾರ ಹಾಲು ಉಕ್ಕಿದಾಗ ನಿಂತುಹೋಗಿದ್ದ ಚರಣ. ಅದನ್ನು ಮುಗಿಸಿದರು. ಮುಗಿಸುವಾಗ ತಂತಿಯ ಸದ್ದಿನ ಪಕ್ಕದಲ್ಲಿ, ಒಂದಿಷ್ಟು ದಾರಿ ತಪ್ಪಿ, ಇವರ ಗುನುಗು ರೇಡಿಯೋದಲ್ಲಿ ದೊಡ್ಡದಾಗಿ ಬಂತು. ತಾವು ಗುನುಗುತ್ತೇವೆ ಎಂದು ಇವರು ಒಪ್ಪಿಕೊಂಡದ್ದು ಅವತ್ತು.

ಮನೆಗೆ ಬಂದ ಮೇಲೆ ಇವರು ಸುರುಳಿಯನ್ನು ಉಗುರಿನಿಂದ ತಟ್ಟಿ ನೋಡಿದರು. "ಸಡಿಲ ಸುತ್ತಿದೀಯ ರುಕ್ಕು. ಅದಕ್ಕೇ ಮಾತೆಲ್ಲ ಹಿಡಿಯುತ್ತೆ. ಮೇಣ ಕುಡಿಸಿದ್ರೆ ಎಳೆ ಗಟ್ಟಿ ಕೂರುತ್ತೆ, ಸದ್ದು ಚೊಕ್ಕ ಆಗುತ್ತೆ."

ಹನ್ನೊಂದು ಸಾವಿರ ನಾಮ ಹೇಳಿ ಸುತ್ತಿದ್ದಕ್ಕೆ ಮೇಣ ಬೇರೆ ಬೇಕೇ ಎಂದು ನಾನು ಮುಖ ತಿರುಗಿಸಿದೆ. ಇವರು ಎಂದಿನಂತೆ ಜಗಳಕ್ಕೆ ಸಿಗಲಿಲ್ಲ. ಮೇಣ ನಾಳೆ ನಾಳೆ ಎಂದು ಮುಂದಕ್ಕೆ ಹೋಯಿತು. ವಾರಕ್ಕೊಂದು ಸಂಜೆ ಇವರು ಗಿಟಾರು ಹೊತ್ತುಕೊಂಡು ಪುಟ್ಟಲಕ್ಷ್ಮಮ್ಮನ ಮನೆಗೆ ಹೋಗುವುದು, ಸಾಲಿನವರೆಲ್ಲ ಸೇರುವುದು ರೂಢಿಯಾಯಿತು. ಪ್ರತಿ ವಾರವೂ ಪುಟ್ಟಲಕ್ಷ್ಮಮ್ಮ, "ನಿನ್ನ ಗಂಡಂಗೆ ಬಾಯಿ ಮುಚ್ಕೊಂಡು ನುಡ್ಸಾಕೆ ಹೇಳು ಕಣಮ್ಮ" ಎನ್ನುತ್ತಿದ್ದರು. ಪ್ರತಿ ವಾರವೂ ನಾನು ಹೇಳುತ್ತಿದ್ದೆ. ಸಭ್ಯರು ಕೂರುವ ಕಡೆ ಹೀಗೆ ಗುನುಗಿದರೆ ನನಗೆ ತಲೆ ತಗ್ಗಿಸುವ ಹಾಗಾಗುತ್ತದೆ ಎಂದೂ ಒಂದು ಸಲ ಹೇಳಿದೆ. ನನ್ನ ಮಾತು ದೇವರಿಗೆ ಕೇಳಿಸದ ಹಾಗೆ ಹೇಳಬೇಕು ಎಂಬ ಬುದ್ಧಿ ಅಷ್ಟಾದರೂ ನನಗೆ ಬಂದಿರಲಿಲ್ಲ.

ನಾಲ್ಕು ವರ್ಷ ನುಡಿಸಿದರು. ಹೋದ ಆಷಾಢದಲ್ಲಿ ಒಂದು ವಾರ ಜ್ವರ ಬಂದು ಹೋಗಿಬಿಟ್ಟರು.

ಮೊನ್ನೆ ಪುಟ್ಟಲಕ್ಷ್ಮಮ್ಮ ನನ್ನನ್ನು ಕರೆಸಿದರು. ಈಗ ಮಂಗಳಕಾರ್ಯಗಳಿಗೆ ಸಾಲಿನಲ್ಲಿ ನನ್ನನ್ನು ಯಾರೂ ಕರೆಯುವುದಿಲ್ಲ. ಅವರು ಮಾತ್ರ ಕರೆಯುತ್ತಾರೆ, ಹೋಗದಿದ್ದರೆ ಬಂದು ಬೈಯುತ್ತಾರೆ. ಇವರ ಜೊತೆ ಕಾರ್ಖಾನೆಯಲ್ಲಿದ್ದ ರಂಗಸ್ವಾಮಿ ಎಂಬವರು ಬಂದಿದ್ದರು. ಇವರಿಂದಲೇ ಗಿಟಾರು ಕಲಿತವರು. ವಸ್ತು ಸುಮ್ಮನೆ ಇಟ್ಟರೆ ಕೆಡುತ್ತದೆ, ನುಡಿಸಲಿ ಎಂದು ಪುಟ್ಟಲಕ್ಷ್ಮಮ್ಮನ ತೀರ್ಮಾನ. ನಾನು ಗಿಟಾರು ಒರೆಸಿ ತೆಗೆದುಕೊಂಡು ಹೋದೆ. ರಂಗಸ್ವಾಮಿ ಬೆಂಕಿಕಡ್ಡಿ ಚುಚ್ಚಿ, ವಾಲ್ವು ಬಿಸಿಯಾಗುವವರೆಗೂ ಕಾದು, ಬಾಯಿ ಮುಚ್ಚಿಕೊಂಡು ನುಡಿಸಿದರು. ಐದು ಬೆರಳಿನ ಕೈ. ಒಂದು ಸ್ವರವೂ ದಾರಿ ತಪ್ಪಲಿಲ್ಲ. ಎಲ್ಲರೂ ತಲೆದೂಗಿದರು. ಚಿಕ್ಕಣ್ಣನವರು ಜಗಲಿಯಿಂದಲೇ, "ಈಗ ಸ್ಟೇಷನ್ನು ಸರಿಯಾಗಿ ಹಿಡೀತು" ಎಂದರು. ಪುಟ್ಟಲಕ್ಷ್ಮಮ್ಮ ಕಾಫಿ ಮಾಡುತ್ತೇನೆಂದು ಒಳಗೆ ಹೋದರು, ಬಹಳ ಹೊತ್ತು ಬರಲಿಲ್ಲ.

ಎಲ್ಲರೂ ಎದ್ದ ಮೇಲೆ ನಾನು ಬಗ್ಗಿ ಸುರುಳಿಯ ಮೇಲಿನ ಧೂಳನ್ನು ಊದಿದೆ. ರೇಡಿಯೋದಲ್ಲಿ ನನ್ನ ಉಸಿರು ಬಂತು. ಐದು ಸಾವಿರ ಸುತ್ತನ್ನು ಅಷ್ಟು ಕೆಟ್ಟದಾಗಿ ಸುತ್ತಿದ್ದು ನಾನೇ. ಅದು ಈಗಲೂ ಸಡಿಲವಾಗಿಯೇ ಇದೆ, ಯಾರು ಏನು ಹೇಳಿದರೂ ಹಿಡಿಯುತ್ತದೆ.

ಗಿಟಾರಿನಲ್ಲಿ ಎಲ್ಲವೂ ಸರಿಯಾಗಿದೆ. ಆರು ತಂತಿ ಇವೆ, ಉಪ್ಪಿನಕಾಯಿಯ ವಾಸನೆ ಇದೆ. ಇವರ ಗುನುಗು ಇಲ್ಲ.